ಬಿಚ್ಚದೆ ಓದಿದ ಸುರುಳಿ

ಓಲೆಗರಿಯ ಮೇಲೆ ಗ್ರಂಥಗಳನ್ನು ಪ್ರತಿ ಮಾಡುತ್ತಿದ್ದ ಹಿಂದಿನ ಕಾಲದ ಲಿಪಿಕಾರರು ತಮ್ಮ ಬರವಣಿಗೆಯ ಕೊನೆಯಲ್ಲಿ ಒಂದು ವಿನಂತಿಯನ್ನು ಸೇರಿಸುತ್ತಿದ್ದುದುಂಟು. ನೀರು, ಬೆಂಕಿ, ಕಳ್ಳರು, ಇಲಿಗಳು, ಸಡಿಲವಾದ ಕಟ್ಟು, ಅರಿಯದವರ ಕೈ ಇವುಗಳಿಂದ ಈ ಗ್ರಂಥವನ್ನು ಕಾಪಾಡಬೇಕೆಂಬುದು ಆ ವಿನಂತಿಯ ತಾತ್ಪರ್ಯ. ಈ ಶತ್ರುಗಳಲ್ಲೆಲ್ಲ ಬೆಂಕಿಯೇ ಅತ್ಯಂತ ಕ್ರೂರವಾದುದೆಂದು ಯಾರಿಗಾದರೂ ತೋರುವುದು ಸಹಜ. ನೆನೆದ ಗರಿಯನ್ನು ಒಣಗಿಸಬಹುದು. ಇಲಿ ತಿಂದ ಕಟ್ಟಿನಲ್ಲಿ ನಾಲ್ಕು ಗರಿಗಳಾದರೂ ಉಳಿದಾವು. ಸುಟ್ಟುಹೋದ ಗ್ರಂಥದ ಕಥೆ ಮಾತ್ರ ಅಲ್ಲಿಗೇ ಮುಗಿಯಿತೆಂದು ನಾವು ಭಾವಿಸುತ್ತೇವೆ. ಆದರೆ ಜಗತ್ತಿನಲ್ಲಿ ಒಂದೆಡೆ ಬೆಂಕಿಯೇ ಒಂದು ಗ್ರಂಥಭಂಡಾರವನ್ನು ಎರಡು ಸಾವಿರ ವರ್ಷಗಳಷ್ಟು ಕಾಲ ಕಾಯ್ದುಕೊಟ್ಟಿತು. ಅದಕ್ಕೆ ಹೆಚ್ಚಿನ ಹಾನಿಯಾದುದು ಬೆಂಕಿಯಿಂದಲ್ಲ, ಮನುಷ್ಯನ ಕೈಯಿಂದ. ಆ ಭಂಡಾರದ ಒಂದು ಕರಿಸುರುಳಿಯನ್ನು, ಅದನ್ನು ಮುಟ್ಟಿ ಬಿಚ್ಚದೆಯೇ, ಒಳಗಿನ ಅಕ್ಷರಗಳ ಸಮೇತ ಓದಿದ ಸಂಗತಿಯು ೨೦೨೪ರ ಫೆಬ್ರವರಿಯಲ್ಲಿ ಪ್ರಕಟವಾಯಿತು. ವಿಜ್ಞಾನದ ಇತ್ತೀಚಿನ ಕೌತುಕಗಳಲ್ಲಿ ಇದಕ್ಕೆ ಸಮನಾದುದು ವಿರಳವೆಂಬ ಕಾರಣದಿಂದ, ಈ ಸಲದ ಅಂಕಣವನ್ನು ಅದಕ್ಕೇ ಮೀಸಲಿಟ್ಟಿದೆ.

ಇಟಲಿಯ ದಕ್ಷಿಣ ಭಾಗದಲ್ಲಿ, ನೇಪಲ್ಸ್ ನಗರದ ಬಳಿ, ವೆಸೂವಿಯಸ್ ಎಂಬ ಜ್ವಾಲಾಮುಖಿ ಪರ್ವತವಿದೆ. ಕ್ರಿ.ಶ. ೭೯ರಲ್ಲಿ ಅದು ಸ್ಫೋಟಗೊಂಡು ಸುತ್ತಣ ಊರುಗಳನ್ನು ಹೂತುಹಾಕಿತು. ಅವುಗಳಲ್ಲಿ ಪಾಂಪೇ ಎಂಬ ಪಟ್ಟಣದ ಹೆಸರನ್ನು ವಾಚಕರಲ್ಲಿ ಅನೇಕರು ಕೇಳಿರಬಹುದು. ಅದರ ನೆರೆಯಲ್ಲಿ, ಕಡಲ ತಡಿಯಲ್ಲಿ, ಹರ್ಕ್ಯುಲೇನಿಯಂ ಎಂಬ ಇನ್ನೊಂದು ಸಣ್ಣ ಪಟ್ಟಣವಿತ್ತು. ಪಾಂಪೇಯ ಮೇಲೆ ಮೊದಲು ಬಿದ್ದುದು ಹಗುರವಾದ ಕಲ್ಲು ಮತ್ತು ಬೂದಿಯ ಮಳೆ. ಹರ್ಕ್ಯುಲೇನಿಯಂ ಮೇಲೆ ಹರಿದು ಬಂದುದು ಕುದಿಯುವ ಅನಿಲ ಮತ್ತು ಬಿಸಿಬೂದಿಯ ಪ್ರವಾಹ. ಅಲೆಯ ಮೇಲೆ ಅಲೆಯಾಗಿ ಬಂದ ಆ ಪ್ರವಾಹವು ಊರನ್ನು ಸುಮಾರು ೨೦ ಮೀಟರ್ ಆಳದಲ್ಲಿ ಮುಚ್ಚಿ, ಕ್ರಮೇಣ ಕಲ್ಲಿನಂತೆ ಗಟ್ಟಿಯಾಯಿತು.

ಇಲ್ಲಿ ಒಂದು ಸೂಕ್ಷ್ಮವನ್ನು ಗಮನಿಸಬೇಕು. ಸೌದೆ ಒಲೆಯಲ್ಲಿ ಉರಿದರೆ ಬೂದಿಯಾಗುತ್ತದೆ. ಅದೇ ಸೌದೆಯನ್ನು ಮಣ್ಣು ಮೆತ್ತಿದ ಗೂಡಿನಲ್ಲಿಟ್ಟು, ಗಾಳಿಯಾಡದಂತೆ ಮಾಡಿ ಕಾಯಿಸಿದರೆ ಇದ್ದಿಲಾಗುತ್ತದೆ. ಇದನ್ನು ಹಳ್ಳಿಗಳಲ್ಲಿ ಇದ್ದಿಲು ಸುಡುವವರು ಚೆನ್ನಾಗಿ ಬಲ್ಲರು. ಇದ್ದಿಲಿನಲ್ಲಿ ಮರದ ಎಳೆಗಳೂ ಗಂಟುಗಳೂ ಹಾಗೆಯೇ ಉಳಿದಿರುತ್ತವೆ. ನೀರು ಮತ್ತಿತರ ಅಂಶಗಳು ಹೊರಟುಹೋಗಿ ಇಂಗಾಲ ಮಾತ್ರ ನಿಲ್ಲುತ್ತದೆ. ಹುಳು ಅದನ್ನು ತಿನ್ನದು, ತೇವ ಅದನ್ನು ಕೊಳೆಯಿಸದು. ಹರ್ಕ್ಯುಲೇನಿಯಂನಲ್ಲಿ ಆದುದು ಇದೇ. ಅಲ್ಲಿಯ ಬಾಗಿಲುಗಳು, ಮಂಚಗಳು, ಒಂದು ಮಗುವಿನ ತೊಟ್ಟಿಲು ಸಹ ಇದ್ದಿಲಾಗಿ ತಮ್ಮ ಆಕಾರವನ್ನು ಉಳಿಸಿಕೊಂಡಿವೆ. ಊರ ಹೊರವಲಯದ ಒಂದು ಭವ್ಯ ಭವನದಲ್ಲಿದ್ದ ನೂರಾರು ಗ್ರಂಥಗಳೂ ಅದೇ ಗತಿಯನ್ನು ಹೊಂದಿದವು.

ಆ ಕಾಲದ ಗ್ರಂಥವೆಂದರೆ ಹಾಳೆಗಳನ್ನು ಹೊಲಿದ ಪುಸ್ತಕವಲ್ಲ. ಈಜಿಪ್ಟಿನ ನೀರುತಾಣಗಳಲ್ಲಿ ಬೆಳೆಯುವ ಪಪೈರಸ್ ಎಂಬ ಜೊಂಡಿನ ತಿರುಳನ್ನು ತೆಳುವಾಗಿ ಸೀಳಿ, ಆ ಸೀಳುಗಳನ್ನು ಅಡ್ಡಲಾಗಿಯೂ ಉದ್ದಲಾಗಿಯೂ ಎರಡು ಪದರವಾಗಿ ಜೋಡಿಸಿ, ಒತ್ತಿ ಒಣಗಿಸಿ ಹಾಳೆ ಮಾಡುತ್ತಿದ್ದರು. ಹಾಳೆಗೆ ಹಾಳೆಯನ್ನು ಅಂಟಿಸಿ ಹಲವು ಮೀಟರ್ ಉದ್ದದ ಪಟ್ಟಿ ಮಾಡಿ, ಚಾಪೆ ಸುತ್ತುವಂತೆ ಸುತ್ತಿಡುತ್ತಿದ್ದರು. ದೀಪದ ಮಸಿಯನ್ನು ಅಂಟಿನೊಡನೆ ಕಲಸಿದ ಶಾಯಿಯಿಂದ, ಪಕ್ಕಪಕ್ಕದ ಅಂಕಣಗಳಲ್ಲಿ ಅದರ ಮೇಲೆ ಬರೆಯುತ್ತಿದ್ದರು. ಈ ಶಾಯಿಯ ಸಂಗತಿಯನ್ನು ವಾಚಕರು ನೆನಪಿನಲ್ಲಿಟ್ಟುಕೊಳ್ಳಬೇಕು. ಮುಂದಿನ ಕಥೆಯ ತೊಡಕೆಲ್ಲವೂ ಅದರಲ್ಲಿಯೇ ಅಡಗಿದೆ.

೧೭೫೦ರಲ್ಲಿ ಬಾವಿ ತೋಡುತ್ತಿದ್ದವರ ಗುದ್ದಲಿಗೆ ಈ ಭವನದ ನೆಲಗಟ್ಟು ತಗುಲಿತು. ಆಗ ನೇಪಲ್ಸ್ ರಾಜನ ಸೇವೆಯಲ್ಲಿದ್ದ ಕಾರ್ಲ್ ವೆಬರ್ ಎಂಬ ಸ್ವಿಸ್ ಎಂಜಿನಿಯರನ ಮೇಲ್ವಿಚಾರಣೆಯಲ್ಲಿ ನೆಲದಡಿಯಲ್ಲಿ ಸುರಂಗಗಳನ್ನು ಕೊರೆದು ಕಂಚಿನ ವಿಗ್ರಹಗಳನ್ನೂ ಅಮೃತಶಿಲೆಯ ಶಿಲ್ಪಗಳನ್ನೂ ಹೊರತೆಗೆದರು. ೧೭೫೨ರಿಂದ ಸುರುಳಿಗಳು ಸಿಕ್ಕಲಾರಂಭಿಸಿದವು. ಆದರೆ ಅವು ಸುರುಳಿಗಳೆಂದು ಮೊದಲು ಯಾರಿಗೆ ತಿಳಿಯಬೇಕು? ನೋಟಕ್ಕೆ ಅವು ಸುಟ್ಟ ಕೊರಡುಗಳು, ಕುಗ್ಗಿ ನಜ್ಜುಗುಜ್ಜಾದ ಕರಿಯ ಮುದ್ದೆಗಳು. ಇದ್ದಿಲೆಂದು ಬಗೆದು ಕೆಲವನ್ನು ಎಸೆದುಬಿಟ್ಟರು. ಒಡೆದ ಒಂದು ಮುದ್ದೆಯಲ್ಲಿ ಅಕ್ಷರಗಳ ಸಾಲುಗಳು ಕಣ್ಣಿಗೆ ಬಿದ್ದ ಮೇಲೆಯೇ ಇದೊಂದು ಗ್ರಂಥಭಂಡಾರವೆಂಬ ಅರಿವಾಯಿತು. ಇಂದು ತುಣುಕುಗಳೂ ಸೇರಿ ಸುಮಾರು ೧,೮೦೦ ವಸ್ತುಗಳು ಪಟ್ಟಿಯಲ್ಲಿವೆ. ಅವುಗಳಲ್ಲಿ ಹೆಚ್ಚಿನವು ನೇಪಲ್ಸ್‌ನ ರಾಷ್ಟ್ರೀಯ ಗ್ರಂಥಾಲಯದಲ್ಲಿವೆ. ಗ್ರೀಸ್ ಮತ್ತು ರೋಮುಗಳ ಪ್ರಾಚೀನ ಜಗತ್ತಿನಿಂದ ಒಂದು ಗ್ರಂಥಭಂಡಾರವು ತಾನಿದ್ದ ಸ್ಥಳದಲ್ಲಿಯೇ ಹೀಗೆ ಉಳಿದು ಬಂದ ಉದಾಹರಣೆ ಇದೊಂದೇ. ಮಿಕ್ಕ ಪ್ರಾಚೀನ ಗ್ರಂಥಗಳೆಲ್ಲ ನಮಗೆ ದೊರೆತಿರುವುದು ಬಹುಮಟ್ಟಿಗೆ ಮಧ್ಯಯುಗದ ಪ್ರತಿಗಳ ಮೂಲಕ. ಪ್ರತಿ ಮಾಡಲು ಯಾರೂ ಮನಸ್ಸು ಮಾಡದ ಗ್ರಂಥಗಳು ಅಳಿದುಹೋದವು.

ಗ್ರಂಥವೆಂದು ತಿಳಿದ ಮೇಲೆ ಓದಬೇಕೆಂಬ ಆತುರ ಹುಟ್ಟುವುದು ಸಹಜ. ಆ ಆತುರವೇ ಅನರ್ಥಕ್ಕೆ ಕಾರಣವಾಯಿತು. ರಾಜನ ವಸ್ತುಸಂಗ್ರಹಾಲಯದ ಅಧಿಕಾರಿಯಾಗಿದ್ದ ಕಮಿಲ್ಲೋ ಪದೆರ್ನಿ ಎಂಬಾತನು ಸುರುಳಿಗಳನ್ನು ಚಾಕುವಿನಿಂದ ಉದ್ದಕ್ಕೆ ಸೀಳಿದನು. ಒಳಗಿನ ತಿರುಳನ್ನು ಕೆರೆದು ತೆಗೆದರೆ ಹೊರಗಿನ ಪದರದ ಕೆಲವು ಸಾಲುಗಳು ಕಾಣಿಸುತ್ತಿದ್ದವು. ಅವುಗಳನ್ನು ನಕಲು ಮಾಡಿಕೊಂಡು ಮುಂದಿನ ಪದರಕ್ಕಾಗಿ ಮತ್ತೆ ಕೆರೆಯುತ್ತಿದ್ದರು. ಒಂದು ಪುಟವನ್ನು ಓದುವುದೆಂದರೆ ಇನ್ನೊಂದು ಪುಟವನ್ನು ಪುಡಿ ಮಾಡುವುದು ಎಂಬಂತಾಯಿತು. ಹದಿನೇಳು ಶತಮಾನಗಳ ಕಾಲ ನೆಲದಡಿಯಲ್ಲಿ ಸುರಕ್ಷಿತವಾಗಿದ್ದುದು ಕೆಲವೇ ವರ್ಷಗಳಲ್ಲಿ ಧೂಳಾಯಿತು. ಲಿಪಿಕಾರರ ಪಟ್ಟಿಯಲ್ಲಿದ್ದ ‘ಅರಿಯದವರ ಕೈ’ ಎಂಬ ಶತ್ರುವಿನ ಪ್ರತಾಪವಿದು. ಆ ಕೈ ದುಷ್ಟರದಲ್ಲ. ಜ್ಞಾನದಾಹವುಳ್ಳವರದೇ ಆಗಿತ್ತೆಂಬುದನ್ನು ಮರೆಯಬಾರದು.

೧೭೫೩ರಲ್ಲಿ ವ್ಯಾಟಿಕನ್ ಗ್ರಂಥಾಲಯದಿಂದ ಆಂತೋನಿಯೋ ಪಿಯಾಜ್ಜಿಯೋ ಎಂಬ ಪಾದ್ರಿಯನ್ನು ಕರೆಯಿಸಿಕೊಂಡರು. ಆತನು ಪಾಂಡಿತ್ಯಕ್ಕಿಂತ ಮಿಗಿಲಾಗಿ ತಾಳ್ಮೆಯುಳ್ಳವನು. ಸುರುಳಿಯ ಹೊರಮೈಗೆ ತೆಳುವಾದ ಪೊರೆಯ ತುಣುಕುಗಳನ್ನು ಅಂಟಿಸಿ, ಆ ಪೊರೆಗೆ ರೇಷ್ಮೆಯ ದಾರಗಳನ್ನು ಕಟ್ಟಿ, ಚೌಕಟ್ಟಿಗೆ ತೂಗುಹಾಕಿ, ಸುರುಳಿಯು ತನ್ನ ಭಾರದಿಂದಲೇ ಮೆಲ್ಲಮೆಲ್ಲನೆ ಬಿಚ್ಚಿಕೊಳ್ಳುವಂತೆ ಒಂದು ಯಂತ್ರವನ್ನು ರಚಿಸಿದನು. ದಿನವೊಂದಕ್ಕೆ ಬಿಚ್ಚುತ್ತಿದ್ದುದು ಕೆಲವೇ ಮಿಲಿಮೀಟರುಗಳಷ್ಟು. ಹಾಗೆ ಮೊದಲು ತೆರೆದ ಸುರುಳಿಯು ಸಂಗೀತವನ್ನು ಕುರಿತ ಗ್ರಂಥವೆಂದೂ, ಕ್ರಿಸ್ತಪೂರ್ವ ಒಂದನೆಯ ಶತಮಾನದಲ್ಲಿದ್ದ ಫಿಲೋಡೆಮಸ್ ಎಂಬ ಗ್ರೀಕ್ ತತ್ತ್ವಜ್ಞಾನಿಯ ಕೃತಿಯೆಂದೂ ತಿಳಿಯಿತು. ಅದು ಅಚ್ಚಾಗಿ ಹೊರಬಂದುದು ೧೭೯೩ರಲ್ಲಿ, ಎಂದರೆ ಸುರುಳಿಗಳು ಸಿಕ್ಕಲಾರಂಭಿಸಿದ ನಲವತ್ತೊಂದು ವರ್ಷಗಳ ಅನಂತರ. ಎಲ್ಲ ಸುರುಳಿಗಳೂ ಈ ಯಂತ್ರಕ್ಕೆ ಒಲಿಯಲಿಲ್ಲ. ಪ್ರಸಿದ್ಧ ರಸಾಯನಶಾಸ್ತ್ರಜ್ಞ ಹಂಫ್ರಿ ಡೇವಿಯು ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ ನೇಪಲ್ಸ್‌ಗೆ ಬಂದು ಕ್ಲೋರಿನ್ ಅನಿಲದಿಂದ ಪದರಗಳನ್ನು ಬಿಡಿಸಲು ಯತ್ನಿಸಿ, ಅಲ್ಪಫಲವನ್ನಷ್ಟೇ ಪಡೆದು ಹಿಂದಿರುಗಿದನು. ಅನಂತರವೂ ಬಗೆಬಗೆಯ ಪ್ರಯೋಗಗಳು ನಡೆದವು. ಪ್ರತಿಯೊಂದರಲ್ಲಿಯೂ ಸ್ವಲ್ಪ ಓದು, ಬಹಳ ನಾಶ.

ಕೊನೆಗೆ ವಿದ್ವಾಂಸರು ಒಂದು ನಿರ್ಧಾರಕ್ಕೆ ಬಂದರು: ಉಳಿದ ಸುರುಳಿಗಳನ್ನು ಬಿಚ್ಚುವುದು ಬೇಡ. ಈ ‘ಬೇಡ’ ಎಂಬ ಮಾತು ಸಾಮಾನ್ಯವಾದುದಲ್ಲ. ಕೈಗೆಟುಕುವಷ್ಟು ಸಮೀಪದಲ್ಲಿ ಜಗತ್ತಿನ ಯಾರೂ ಓದಿರದ ಗ್ರಂಥವಿದೆ. ಒಂದು ಚಾಕುವಿದ್ದರೆ ಹತ್ತು ಸಾಲನ್ನಾದರೂ ಓದಬಹುದು. ತನ್ನ ಆಯುಷ್ಯದಲ್ಲಿ ಬೇರೆ ಉಪಾಯ ದೊರಕೀತೆಂಬ ಭರವಸೆಯಿಲ್ಲ. ಹಾಗಿದ್ದೂ ಕೈಯನ್ನು ಹಿಂದಕ್ಕೆ ತೆಗೆದುಕೊಂಡು, ಇದು ಮುಂದಿನವರ ಪಾಲಿಗಿರಲಿ ಎಂದು ಪೆಟ್ಟಿಗೆಯನ್ನು ಮುಚ್ಚಿದವರ ಸಂಯಮವನ್ನು ಯಾವ ಚರಿತ್ರೆಯೂ ದೊಡ್ಡದಾಗಿ ಬರೆಯುವುದಿಲ್ಲ. ಇಂದಿನ ವಿಜ್ಞಾನಿಗಳು ಓದಿದುದು ಅವರು ಹಾಗೆ ಬಿಟ್ಟುಹೋದ ಸುರುಳಿಗಳನ್ನೇ.

ಇನ್ನು ಈ ಕಾಲದ ಸಂಗತಿಗೆ ಬರೋಣ. ೧೮೯೫ರಲ್ಲಿ ರಾಂಟ್ಜೆನ್ ಎಂಬ ಜರ್ಮನ್ ವಿಜ್ಞಾನಿಯು ಕ್ಷಕಿರಣಗಳನ್ನು ಕಂಡುಹಿಡಿದುದೂ, ಅವು ಮಾಂಸವನ್ನು ಹಾದು ಮೂಳೆಯ ನೆರಳನ್ನು ತೋರಿಸುವುದೂ ಎಲ್ಲರಿಗೂ ತಿಳಿದುದೇ. ಆಸ್ಪತ್ರೆಗಳಲ್ಲಿ ಸಿ.ಟಿ. ಸ್ಕ್ಯಾನ್ ಎಂದು ಕರೆಯುವ ವಿಧಾನದಲ್ಲಿ ಸುತ್ತಲಿನ ಎಲ್ಲ ಕೋನಗಳಿಂದಲೂ ಇಂಥ ನೆರಳುಗಳನ್ನು ತೆಗೆದು, ಗಣಕಯಂತ್ರದ ಗಣಿತದಿಂದ ದೇಹದ ಒಳಭಾಗವನ್ನು ಹೋಳು ಹೋಳಾಗಿ ಚಿತ್ರಿಸುತ್ತಾರೆ. ದೇಹವನ್ನು ಕೊಯ್ಯದೆ ಒಳಗಿನದನ್ನು ಕಾಣಬಹುದಾದರೆ, ಸುರುಳಿಯನ್ನು ಬಿಚ್ಚದೆ ಅದರ ಒಳಗನ್ನು ಏಕೆ ಕಾಣಬಾರದು? ಅಮೆರಿಕದ ಕೆಂಟಕಿ ವಿಶ್ವವಿದ್ಯಾಲಯದಲ್ಲಿ ಗಣಕ ವಿಜ್ಞಾನದ ಪ್ರಾಧ್ಯಾಪಕರಾದ ಬ್ರೆಂಟ್ ಸೀಲ್ಸ್ ಎಂಬುವರು ಸುಮಾರು ಎರಡು ದಶಕಗಳ ಕಾಲ ಈ ಒಂದು ಪ್ರಶ್ನೆಯ ಬೆನ್ನು ಹತ್ತಿದರು.

ಅವರ ವಿಧಾನವನ್ನು ಹೀಗೆ ಊಹಿಸಿಕೊಳ್ಳಬಹುದು. ಸುತ್ತಿಟ್ಟ ಚಾಪೆಯನ್ನು ಅಡ್ಡಲಾಗಿ ಕತ್ತರಿಸಿದರೆ ತುದಿಯಲ್ಲಿ ಒಂದು ಸುಳಿಯಂತಹ ರೇಖೆ ಕಾಣುತ್ತದೆ. ಕ್ಷಕಿರಣದ ಪ್ರತಿಯೊಂದು ಹೋಳಿನಲ್ಲಿಯೂ ಸುರುಳಿಯು ಹಾಗೆಯೇ ಸುಳಿಯಾಗಿ ಕಾಣುತ್ತದೆ. ಸಾವಿರಾರು ಹೋಳುಗಳಲ್ಲಿ ಆ ರೇಖೆಯ ಜಾಡನ್ನು ಹಿಡಿದು, ಒಂದರ ಮೇಲೊಂದು ಜೋಡಿಸಿದರೆ ಹಾಳೆಯ ಪೂರ್ಣ ಮೈ ದೊರೆಯುತ್ತದೆ. ಅದನ್ನು ಗಣಕಯಂತ್ರದಲ್ಲಿಯೇ ಚಪ್ಪಟೆಯಾಗಿ ಹಾಸಬಹುದು. ಕೈಯಲ್ಲಿರುವ ಸುರುಳಿಯ ಒಂದು ಎಳೆಯೂ ಅಲುಗುವುದಿಲ್ಲ. ಬಿಚ್ಚಿಕೊಳ್ಳುವುದು ಅದರ ಪ್ರತಿಬಿಂಬ ಮಾತ್ರ. ಮೃತಸಮುದ್ರದ ದಂಡೆಯ ಎನ್‌ಗೆದಿ ಎಂಬಲ್ಲಿ ೧೯೭೦ರಲ್ಲಿ ಸಿಕ್ಕಿದ್ದ ಸುಟ್ಟ ಚರ್ಮದ ಸುರುಳಿಯೊಂದನ್ನು ಸೀಲ್ಸ್ ಅವರ ತಂಡವು ಈ ವಿಧಾನದಿಂದ ಓದಿತು. ಅದು ಹೀಬ್ರೂ ಧರ್ಮಗ್ರಂಥದ ‘ಯಾಜಕಕಾಂಡ’ದ ಮೊದಲ ಭಾಗವೆಂಬ ವಿವರವು ೨೦೧೫ರಲ್ಲಿ ಲೋಕಕ್ಕೆ ತಿಳಿದು, ಮರುವರ್ಷ ವಿದ್ವತ್ಪತ್ರಿಕೆಯಲ್ಲಿ ಪ್ರಕಟವಾಯಿತು.

ಹರ್ಕ್ಯುಲೇನಿಯಂ ಸುರುಳಿಗಳು ಮಾತ್ರ ಅಷ್ಟು ಸುಲಭವಾಗಿ ಒಲಿಯಲಿಲ್ಲ. ಎನ್‌ಗೆದಿಯ ಶಾಯಿಯು ಕ್ಷಕಿರಣಕ್ಕೆ ಚರ್ಮಕ್ಕಿಂತ ಸಾಂದ್ರವಾಗಿ ತೋರುತ್ತಿದ್ದುದರಿಂದ ಅಕ್ಷರಗಳು ಬೆಳ್ಳಗೆ ಎದ್ದು ಕಂಡವು. ಇಲ್ಲಿಯಾದರೋ ಶಾಯಿ ದೀಪದ ಮಸಿ, ಎಂದರೆ ಇಂಗಾಲ; ಹಾಳೆಯೂ ಸುಟ್ಟು ಇಂಗಾಲ. ಕರಿಹಲಗೆಯ ಮೇಲೆ ಇದ್ದಿಲಿನಿಂದ ಬರೆದಂತಾಯಿತು. ೨೦೦೯ರಲ್ಲಿ ಪ್ಯಾರಿಸ್ಸಿನಲ್ಲಿರುವ ಎರಡು ಸುರುಳಿಗಳನ್ನು ಸ್ಕ್ಯಾನ್ ಮಾಡಿದಾಗ ಒಳಗಿನ ಸುತ್ತುಗಳೆಲ್ಲ ಕಂಡವು. ಅಕ್ಷರ ಒಂದೂ ಕಾಣಲಿಲ್ಲ. ನೆಪೋಲಿಯನ್ನನ ಕಾಲದಲ್ಲಿ ನೇಪಲ್ಸ್ ರಾಜನು ಫ್ರಾನ್ಸಿಗೆ ಕಾಣಿಕೆಯಾಗಿ ಕಳುಹಿಸಿದ ಸುರುಳಿಗಳಲ್ಲಿ ಅವೂ ಸೇರಿವೆ.

ಸೀಲ್ಸ್ ಅವರು ಕೈಬಿಡಲಿಲ್ಲ. ೨೦೧೯ರಲ್ಲಿ ಇಂಗ್ಲೆಂಡಿನ ಆಕ್ಸ್‌ಫರ್ಡ್ ಬಳಿಯ ‘ಡೈಮಂಡ್ ಲೈಟ್ ಸೋರ್ಸ್’ ಎಂಬ ಮಹಾಯಂತ್ರಾಗಾರಕ್ಕೆ ಪ್ಯಾರಿಸ್ಸಿನ ಸುರುಳಿಗಳನ್ನು ಒಯ್ದರು. ಅಲ್ಲಿ ಅರ್ಧ ಕಿಲೋಮೀಟರಿಗೂ ಮಿಗಿಲಾದ ಸುತ್ತಳತೆಯ ಉಂಗುರದಲ್ಲಿ ಎಲೆಕ್ಟ್ರಾನುಗಳನ್ನು ಬೆಳಕಿನ ವೇಗಕ್ಕೆ ಸಮೀಪವಾಗಿ ಓಡಿಸಿ ಅತಿ ಪ್ರಖರವಾದ ಕ್ಷಕಿರಣಗಳನ್ನು ಪಡೆಯುತ್ತಾರೆ. ಆ ಕಿರಣಗಳಿಂದ ತೆಗೆದ ಚಿತ್ರದಲ್ಲಿ ಒಂದೊಂದು ಬಿಂದುವಿನ ಗಾತ್ರ ಮಿಲಿಮೀಟರಿನ ಸಾವಿರದಲ್ಲಿ ಎಂಟು ಭಾಗ, ಎಂದರೆ ತಲೆಗೂದಲಿನ ದಪ್ಪದ ಸುಮಾರು ಹತ್ತರಲ್ಲಿ ಒಂದು ಪಾಲು. ಅಷ್ಟು ಸೂಕ್ಷ್ಮವಾದ ನೋಟದಲ್ಲಿ ಶಾಯಿಯು ಹಾಳೆಯ ಮೈಮೇಲೆ ಉಂಟುಮಾಡಿದ ಅತ್ಯಲ್ಪ ಏರುಪೇರು ಎಲ್ಲಿಯಾದರೂ ಅಡಗಿರಬೇಕೆಂಬುದು ಅವರ ನಂಬಿಕೆ. ಮನುಷ್ಯನ ಕಣ್ಣಿಗೆ ಅದು ತೋರದಿರಬಹುದು, ಯಂತ್ರಕ್ಕೆ ಕಲಿಸಬಹುದಲ್ಲವೇ?

ಕಲಿಸುವುದು ಹೇಗೆ? ಹಿಂದೆ ಬಿಚ್ಚಲು ಹೋಗಿ ಒಡೆದ ಸುರುಳಿಗಳ ತುಣುಕುಗಳಿವೆ. ಅವುಗಳ ಮೇಲಿನ ಅಕ್ಷರಗಳನ್ನು ಅವಗೆಂಪು ಬೆಳಕಿನಲ್ಲಿ ಸ್ಪಷ್ಟವಾಗಿ ನೋಡಬಹುದು. ಅದೇ ತುಣುಕಿನ ಕ್ಷಕಿರಣ ಚಿತ್ರವನ್ನೂ ತೆಗೆದು, ಇಲ್ಲಿ ಶಾಯಿಯುಂಟು, ಇಲ್ಲಿ ಇಲ್ಲ ಎಂದು ಒಂದೊಂದು ಬಿಂದುವನ್ನೂ ಗಣಕಯಂತ್ರಕ್ಕೆ ತೋರಿಸಿಕೊಟ್ಟರೆ, ಸಾವಿರಾರು ಉದಾಹರಣೆಗಳ ಅನಂತರ ಅದು ತಾನಾಗಿ ಭೇದವನ್ನು ಗುರುತಿಸಲಾರಂಭಿಸುತ್ತದೆ. ಅನುಭವಿಯಾದ ಅಕ್ಕಸಾಲಿಗನು ಒರೆಗಲ್ಲಿನ ಮೇಲಿನ ಗೀಟನ್ನು ನೋಡಿ ಚಿನ್ನದ ಮಾಟನ್ನು ಹೇಳುವಂತೆ. ಹೇಗೆ ತಿಳಿಯಿತೆಂದು ಕೇಳಿದರೆ ಅವನಿಗೂ ವಿವರಿಸುವುದು ಕಷ್ಟ. ಇಂದು ಎಲ್ಲರ ಬಾಯಲ್ಲಿರುವ ಕೃತಕ ಬುದ್ಧಿಮತ್ತೆ ಎಂಬುದರ ಒಂದು ರೂಪವಿದು. ಹಿಂದಿನವರ ಆತುರದಿಂದ ಒಡೆದ ತುಣುಕುಗಳೇ ಒಡೆಯದ ಸುರುಳಿಗಳನ್ನು ಓದಲು ಪಾಠದ ಹಲಗೆಯಾದವೆಂಬುದು ಗಮನಾರ್ಹ.

೨೦೨೩ರ ಮಾರ್ಚಿಯಲ್ಲಿ ಇನ್ನೊಂದು ಅಪೂರ್ವ ಸಂಗತಿ ನಡೆಯಿತು. ಸೀಲ್ಸ್ ಅವರು ನ್ಯಾಟ್ ಫ್ರೀಡ್‌ಮನ್ ಮತ್ತು ಡೇನಿಯಲ್ ಗ್ರಾಸ್ ಎಂಬ ಇಬ್ಬರು ಉದ್ಯಮಿಗಳೊಡನೆ ಸೇರಿ, ತಾವು ಶ್ರಮಪಟ್ಟು ಸಂಪಾದಿಸಿದ ಚಿತ್ರಗಳನ್ನು ಜಗತ್ತಿನ ಎಲ್ಲರಿಗೂ ಬಿಟ್ಟುಕೊಟ್ಟು, ಓದಬಲ್ಲವರಿಗೆ ಬಹುಮಾನಗಳನ್ನು ಘೋಷಿಸಿದರು. ‘ವೆಸೂವಿಯಸ್ ಚಾಲೆಂಜ್’ ಎಂಬುದು ಆ ಸ್ಪರ್ಧೆಯ ಹೆಸರು. ತಲಾ ೧೪೦ ಅಕ್ಷರಗಳ ನಾಲ್ಕು ಭಾಗಗಳನ್ನು ಆ ವರ್ಷದ ಅಂತ್ಯದೊಳಗೆ ಓದಿದವರಿಗೆ ೭ ಲಕ್ಷ ಡಾಲರುಗಳ ಮಹಾಬಹುಮಾನ. ಪಾಂಡಿತ್ಯವನ್ನು ಬಚ್ಚಿಟ್ಟುಕೊಳ್ಳುವ ಪ್ರವೃತ್ತಿ ವಿದ್ವತ್ ಪ್ರಪಂಚಕ್ಕೆ ಹೊಸದಲ್ಲ. ಸ್ವಂತ ದುಡಿಮೆಯ ಫಲವನ್ನು ಹೀಗೆ ಸಾರ್ವಜನಿಕರ ಮುಂದಿಡಲು ದೊಡ್ಡ ಮನಸ್ಸು ಬೇಕು.

ಫಲ ಬೇಗನೆ ಕಂಡಿತು. ಕೇಸಿ ಹ್ಯಾಂಡ್ಮರ್ ಎಂಬ ಭೌತವಿಜ್ಞಾನಿಯು ಚಿತ್ರಗಳನ್ನು ಗಂಟೆಗಟ್ಟಲೆ ಬರಿಗಣ್ಣಿನಿಂದ ನೋಡುತ್ತ ಕುಳಿತು, ಕೆಲವೆಡೆ ಹಾಳೆಯ ಮೈಯಲ್ಲಿ ಬತ್ತಿದ ಕೆರೆಯ ತಳದ ಕೆಸರು ಬಿರಿದಂತಹ ಸೂಕ್ಷ್ಮ ವಿನ್ಯಾಸವನ್ನು ಗುರುತಿಸಿದರು. ಅದು ಒಣಗಿದ ಶಾಯಿಯ ಗುರುತು! ಆ ಸುಳಿವನ್ನು ಹಿಡಿದು ನೆಬ್ರಾಸ್ಕಾ ವಿಶ್ವವಿದ್ಯಾಲಯದ ೨೧ ವರ್ಷದ ವಿದ್ಯಾರ್ಥಿ ಲ್ಯೂಕ್ ಫಾರಿಟರ್ ತನ್ನ ಗಣಕಯಂತ್ರಕ್ಕೆ ಅಂಥ ಬಿರುಕುಗಳನ್ನು ಹುಡುಕಲು ಕಲಿಸಿದನು. ಸುರುಳಿಯ ಒಳಗಿನಿಂದ ಮೊತ್ತಮೊದಲು ಓದಿದ ಪೂರ್ಣಪದವು ಹೊರಬಂದುದು ಹೀಗೆ. ಆ ಪದ ‘ಪೊರ್ಫುರಾಸ್’. ಕಡಲ ಬಸವನಹುಳುಗಳಿಂದ ತೆಗೆಯುತ್ತಿದ್ದ, ರೋಮಿನಲ್ಲಿ ಅಧಿಕಾರಕ್ಕೂ ಐಶ್ವರ್ಯಕ್ಕೂ ಚಿಹ್ನೆಯಾಗಿದ್ದ ನೇರಳೆಗೆಂಪು ಬಣ್ಣವನ್ನು ಸೂಚಿಸುವ ಗ್ರೀಕ್ ಪದವದು. ೨೦೨೩ರ ಅಕ್ಟೋಬರಿನಲ್ಲಿ ಇದು ಪ್ರಕಟವಾಯಿತು. ಬರ್ಲಿನ್ನಿನಲ್ಲಿ ಸಂಶೋಧನೆ ನಡೆಸುತ್ತಿದ್ದ ಈಜಿಪ್ಟಿನ ಯುವಕ ಯೂಸೆಫ್ ನಾದರ್, ಬೇರೊಂದು ದಾರಿಯಿಂದ ಸಾಗಿ, ಅದೇ ಸ್ಥಳದಲ್ಲಿ ಅದೇ ಪದವನ್ನು ಇನ್ನೂ ನಿಚ್ಚಳವಾಗಿ ಕಂಡನು. ಪಪೈರಸ್ಸನ್ನು ಜಗತ್ತಿಗೆ ಕೊಟ್ಟ ನಾಡಿನ ಮಗನೇ ಪಪೈರಸ್ಸಿನ ಒಳಮಾತನ್ನು ಹೊರತೆಗೆದವರಲ್ಲಿ ಒಬ್ಬನಾದುದು ಸಂತೋಷದ ಸಂಗತಿ. ಇವರಿಬ್ಬರೊಡನೆ ಸ್ವಿಟ್ಜರ್ಲೆಂಡಿನ ಜೂಲಿಯನ್ ಶಿಲ್ಲಿಗರ್ ಸೇರಿದನು. ೨೦೨೪ರ ಫೆಬ್ರವರಿ ೫ರಂದು ಈ ಮೂವರಿಗೆ ಮಹಾಬಹುಮಾನ ಸಂದಿತು. ಅವರು ಓದಿಸಿದುದು ೧೫ ಅಂಕಣಗಳನ್ನು, ೨,೦೦೦ಕ್ಕೂ ಹೆಚ್ಚು ಅಕ್ಷರಗಳನ್ನು.

ಇಷ್ಟು ಓದಿದ ಮೇಲೆ ವಿಚಾರವಂತರಾದ ವಾಚಕರಿಗೆ ಒಂದು ಸಂದೇಹ ಹುಟ್ಟಬೇಕು. ಯಂತ್ರವು ಇಲ್ಲದ ಅಕ್ಷರವನ್ನು ಕಟ್ಟಿ ಹೇಳಿರಲಾರದೇ? ಕೃತಕ ಬುದ್ಧಿಮತ್ತೆಯ ಯಂತ್ರಗಳು ಗೊತ್ತಿಲ್ಲದುದನ್ನೂ ಗೊತ್ತಿರುವಂತೆ ಹೇಳುವ ಚಾಳಿಯುಳ್ಳವೆಂಬುದು ಈಗ ಶಾಲೆಯ ಮಕ್ಕಳಿಗೂ ತಿಳಿದಿದೆ. ಈ ಸಂದೇಹವು ಸ್ಪರ್ಧೆ ನಡೆಸಿದವರನ್ನೂ ಕಾಡಿತ್ತು. ಆದುದರಿಂದ ಅವರು ಮೂರು ಎಚ್ಚರಿಕೆಗಳನ್ನು ವಹಿಸಿದರು. ಮೊದಲನೆಯದಾಗಿ, ಈ ಯಂತ್ರಕ್ಕೆ ಗ್ರೀಕ್ ಭಾಷೆಯನ್ನಾಗಲಿ ಅಕ್ಷರಮಾಲೆಯನ್ನಾಗಲಿ ಕಲಿಸಲಿಲ್ಲ. ಒಂದು ಸಣ್ಣ ಚೌಕದಲ್ಲಿ ಶಾಯಿಯುಂಟೇ ಇಲ್ಲವೇ ಎಂಬಷ್ಟನ್ನೇ ಅದು ಹೇಳುತ್ತದೆ. ಅಕ್ಷರ ಗೊತ್ತಿಲ್ಲದವನು ಅಕ್ಷರವನ್ನು ಕಲ್ಪಿಸಲಾರ. ಎರಡನೆಯದಾಗಿ, ಬೇರೆ ಬೇರೆಯವರು ಬೇರೆ ಬೇರೆ ವಿಧಾನಗಳಿಂದ ತೆಗೆದ ಚಿತ್ರಗಳು ಪರಸ್ಪರ ಹೊಂದುತ್ತವೆಯೇ ಎಂದು ಪರೀಕ್ಷಿಸಿದರು. ಮೂರನೆಯದಾಗಿ, ಪಪೈರಸ್ ಲಿಪಿಶಾಸ್ತ್ರದಲ್ಲಿ ಪರಿಣತರಾದ ವಿದ್ವಾಂಸರು ಚಿತ್ರಗಳನ್ನು ಓದಿ ಪಾಠವನ್ನು ನಿರ್ಣಯಿಸಿದರು. ನೇಪಲ್ಸ್ ವಿಶ್ವವಿದ್ಯಾಲಯದ ಫೆದೆರಿಕಾ ನಿಕೊಲಾರ್ದಿ, ಇಂಗ್ಲೆಂಡಿನ ರಾಬರ್ಟ್ ಫೌಲರ್ ಮೊದಲಾದವರು ಈ ಕಾರ್ಯದಲ್ಲಿದ್ದರು.

ಈ ವಿದ್ವಾಂಸರ ಒಂದು ಸಂಪ್ರದಾಯವನ್ನು ಇಲ್ಲಿ ಹೇಳದಿರಲಾಗದು. ಪ್ರಾಚೀನ ಪತ್ರಗಳನ್ನು ಅಚ್ಚಿಗೆ ಸಿದ್ಧಪಡಿಸುವಾಗ, ಖಚಿತವಾಗಿ ಕಾಣದ ಪ್ರತಿಯೊಂದು ಅಕ್ಷರದ ಕೆಳಗೂ ಅವರು ಒಂದು ಚುಕ್ಕೆಯನ್ನಿಡುತ್ತಾರೆ. ಅಳಿಸಿಹೋದೆಡೆಯಲ್ಲಿ ತಾವು ಊಹಿಸಿ ತುಂಬಿದ ಅಕ್ಷರಗಳನ್ನು ಆವರಣದೊಳಗೆ ಕೂರಿಸುತ್ತಾರೆ. ಕಂಡದ್ದು ಯಾವುದು, ಅರೆಗಂಡದ್ದು ಯಾವುದು, ಊಹಿಸಿದ್ದು ಯಾವುದು ಎಂಬುದು ಓದುಗನಿಗೆ ಅಕ್ಷರ ಅಕ್ಷರಕ್ಕೂ ತಿಳಿಯುತ್ತದೆ. ಎಷ್ಟು ಸಣ್ಣ ಚುಕ್ಕೆ! ಆದರೆ ವಿದ್ಯೆಯ ಪ್ರಾಮಾಣಿಕತೆಯೆಲ್ಲವೂ ಆ ಚುಕ್ಕೆಯಲ್ಲಿದೆ. ನಾವು ದಿನನಿತ್ಯ ಆಡುವ ಮಾತುಗಳಲ್ಲಿ, ಕೇಳಿದ ಸುದ್ದಿಯನ್ನು ಇನ್ನೊಬ್ಬರಿಗೆ ಹೇಳುವಾಗ, ಮೊಬೈಲಿನಲ್ಲಿ ಬಂದುದನ್ನು ಹತ್ತು ಜನರಿಗೆ ಕಳುಹಿಸುವಾಗ, ಇಂಥ ಒಂದು ಚುಕ್ಕೆಯನ್ನು ಇಡುವ ಅಭ್ಯಾಸವಿದ್ದಿದ್ದರೆ ಎಷ್ಟೋ ಮನೆಗಳಲ್ಲಿ ಮನಸ್ತಾಪಗಳು ಹುಟ್ಟುತ್ತಿರಲಿಲ್ಲ. ಯಂತ್ರದ ಮಾತನ್ನು ನಂಬಬಹುದೇ ಎಂದು ಕೇಳುವ ಮಕ್ಕಳಿಗೆ ಹಿರಿಯರು ಕೊಡಬಹುದಾದ ಉತ್ತರವೂ ಇದೇ: ಯಂತ್ರ ಹೇಳಿದುದನ್ನು ಬಲ್ಲವರು ಪರೀಕ್ಷಿಸಿದ್ದಾರೆಯೇ, ಸಂದೇಹದೆಡೆಯಲ್ಲಿ ಚುಕ್ಕೆಯಿಟ್ಟಿದ್ದಾರೆಯೇ ಎಂಬುದನ್ನು ನೋಡಿ ನಂಬಬೇಕು.

ಇಷ್ಟೆಲ್ಲ ಸಾಹಸದಿಂದ ದೊರೆತ ಗ್ರಂಥದಲ್ಲಿ ಏನಿತ್ತು? ಅದು ಫಿಲೋಡೆಮಸನದೇ ಕೃತಿಯಾಗಿರಬಹುದೆಂದು ವಿದ್ವಾಂಸರ ಅಭಿಪ್ರಾಯ. ವಿಷಯ ಸುಖ. ಆಹಾರ, ಸಂಗೀತ ಮುಂತಾದುವುಗಳಿಂದ ದೊರೆಯುವ ಸಂತೋಷವನ್ನು ಅದು ಚರ್ಚಿಸುತ್ತದೆ. ವಿರಳವಾಗಿ ಸಿಕ್ಕುವ ವಸ್ತುವು ಹೇರಳವಾಗಿ ಸಿಕ್ಕುವ ವಸ್ತುವಿಗಿಂತ ಹೆಚ್ಚು ಸುಖವನ್ನು ಕೊಡುತ್ತದೆಯೇ ಎಂಬುದು ಅಲ್ಲಿಯ ಒಂದು ಪ್ರಶ್ನೆ. ಹಾಗೆಂದು ಒಮ್ಮೆಗೇ ನಂಬಿಬಿಡಲಾಗದು ಎಂಬುದು ಗ್ರಂಥಕಾರನ ನಿಲುವು. ದುರ್ಲಭವಾದುದೇ ಶ್ರೇಷ್ಠವೆಂದು ಹಂಬಲಿಸುವ ಮನಸ್ಸನ್ನು ಅಂದಿನವರೂ ಬಲ್ಲವರಾಗಿದ್ದರು. ಇಂದಿನ ಮದುವೆಮನೆಗಳ ಆಡಂಬರವನ್ನು ಕಂಡವರಿಗೆ ಈ ಪ್ರಶ್ನೆ ಹಳೆಯದೆಂದು ತೋರಲಾರದು.

ಈ ಕಥೆ ಅಲ್ಲಿಗೇ ನಿಲ್ಲಲಿಲ್ಲ. ಆಕ್ಸ್‌ಫರ್ಡಿನ ಬೋಡ್ಲಿಯನ್ ಗ್ರಂಥಾಲಯದಲ್ಲಿರುವ ಇನ್ನೊಂದು ಸುರುಳಿಯನ್ನು ೨೦೨೪ರಲ್ಲಿ ಸ್ಕ್ಯಾನ್ ಮಾಡಿದರು. ಆ ಕಾಲದ ಸುರುಳಿಗಳಲ್ಲಿ ಗ್ರಂಥದ ಹೆಸರನ್ನು ಕೊನೆಯಲ್ಲಿ, ಎಂದರೆ ಸುತ್ತಿನ ಅತ್ಯಂತ ಒಳಭಾಗದಲ್ಲಿ ಬರೆಯುತ್ತಿದ್ದರು. ೨೦೨೫ರ ಮೇ ತಿಂಗಳಲ್ಲಿ ಆ ಒಡಲಾಳದ ಹೆಸರೂ ಓದಿಗೆ ದೊರೆಯಿತು. ಕರ್ತೃ ಫಿಲೋಡೆಮಸ್, ಗ್ರಂಥದ ಹೆಸರು ‘ದುರ್ಗುಣಗಳನ್ನು ಕುರಿತು’. ಬಿಚ್ಚದ ಹರ್ಕ್ಯುಲೇನಿಯಂ ಸುರುಳಿಯೊಂದರ ಹೆಸರು ಹೀಗೆ ತಿಳಿದುದು ಅದೇ ಮೊದಲು.

ಆದರೂ ಸಾಧನೆಯನ್ನು ಅದರ ಅಳತೆಯಲ್ಲಿಯೇ ಕಾಣಬೇಕು. ೨೦೨೪ರ ಮಹಾಬಹುಮಾನದ ಓದು ಒಂದು ಸುರುಳಿಯ ಶೇಕಡಾ ೫ರಷ್ಟು ಮಾತ್ರ. ಒಂದಕ್ಕೊಂದು ಅಂಟಿ ಮುದ್ದೆಯಾದ ಪದರಗಳ ಜಾಡನ್ನು ಹಿಡಿಯುವುದು ಅತಿ ಶ್ರಮದ ಕೆಲಸ. ಬಿಚ್ಚದ ಸುರುಳಿಗಳು ನೂರಾರಿವೆ. ಭವನದ ಒಂದು ಭಾಗವು ಇನ್ನೂ ನೆಲದಡಿಯಲ್ಲಿದೆ. ಯಂತ್ರವು ಎಷ್ಟು ಅಕ್ಷರಗಳನ್ನು ತೋರಿಸಿಕೊಟ್ಟರೂ ಅವುಗಳನ್ನು ಓದಿ ಅರ್ಥಮಾಡಲು ಪ್ರಾಚೀನ ಗ್ರೀಕ್ ಭಾಷೆಯನ್ನು ಬಲ್ಲವರು ಬೇಕೇ ಬೇಕು. ಹಳೆಯ ಲಿಪಿ, ಹಳೆಯ ವ್ಯಾಕರಣಗಳನ್ನು ಕಲಿತು ಪ್ರಯೋಜನವೇನೆಂದು ಕೇಳುವವರು ಎಲ್ಲ ದೇಶಗಳಲ್ಲಿಯೂ ಇದ್ದಾರೆ. ಬಲ್ಲವರೇ ಇಲ್ಲವಾದರೆ, ಅರ್ಧ ಕಿಲೋಮೀಟರಿನ ಉಂಗುರದ ಯಂತ್ರವು ತೋರಿಸುವುದು ಬರಿಯ ಗೀಟುಗಳನ್ನು.

ಕೊನೆಯಲ್ಲಿ, ಮನೆಗಳಲ್ಲಿ ಹಳೆಯ ಓಲೆಕಟ್ಟುಗಳನ್ನು ಇಟ್ಟುಕೊಂಡಿರುವ ಬಂಧುಗಳಿಗೆ ಒಂದು ಮಾತು. ನಮ್ಮ ಓಲೆಗರಿಗಳಲ್ಲಿ ಅಕ್ಷರವನ್ನು ಬರೆಯುವುದಿಲ್ಲ. ಕಂಟದಿಂದ ಕೊರೆದು, ಆಮೇಲೆ ಮಸಿಯನ್ನು ಉಜ್ಜಿ ತುಂಬುತ್ತಾರೆ. ತೇವಕ್ಕೆ ಸಿಕ್ಕಿ ಗರಿಗಳು ಅಂಟಿಕೊಂಡಿದ್ದರೆ ಅವುಗಳನ್ನು ಬಲವಂತದಿಂದ ಬಿಡಿಸಲು ಹೋಗಬಾರದು. ಗರಿಯ ಮೇಲ್ಪದರವೇ ಕಿತ್ತುಬಂದರೆ ಅಕ್ಷರವೂ ಅದರೊಡನೆ ಹೋಗುತ್ತದೆ. ಬಿಸಿಲಿಗಿಡುವುದು, ತೋಚಿದ ಎಣ್ಣೆಯನ್ನು ಸವರುವುದು, ಪೂಜೆಯ ದಿನ ಅರಿಶಿನ ಕುಂಕುಮಗಳನ್ನು ನೇರವಾಗಿ ಗರಿಗೆ ಹಚ್ಚುವುದು ಇವೂ ಸಲ್ಲ. ಪೂಜೆಯು ಕಟ್ಟಿನ ಮೇಲಿನ ವಸ್ತ್ರಕ್ಕೆ ಸಲ್ಲಲಿ. ಶುಭ್ರವಾದ ಒಣಬಟ್ಟೆಯಲ್ಲಿ ಬಿಗಿಯಾಗಿ ಕಟ್ಟಿ, ತೇವವಿಲ್ಲದೆಡೆಯಲ್ಲಿಟ್ಟು, ಬಲ್ಲವರಿಗೆ ತಿಳಿಸಬೇಕು. ಮೈಸೂರಿನ ಪ್ರಾಚ್ಯವಿದ್ಯಾ ಸಂಶೋಧನಾಲಯ, ಹಂಪಿಯ ಕನ್ನಡ ವಿಶ್ವವಿದ್ಯಾಲಯದ ಹಸ್ತಪ್ರತಿಶಾಸ್ತ್ರ ವಿಭಾಗ ಇಂಥ ಕಾರ್ಯಕ್ಕಾಗಿಯೇ ಇರುವ ಸಂಸ್ಥೆಗಳು. ಓದಲು ಬಾರದ ಕಟ್ಟು ಮನೆಯಲ್ಲಿದ್ದು ಫಲವೇನೆಂದು ಹೊಳೆಗೆ ಬಿಡುವವರೂ ಉಂಟು. ಹಾಗೆ ಮಾಡುವ ಮುನ್ನ, ನೇಪಲ್ಸ್‌ನಲ್ಲಿ ಇದ್ದಿಲೆಂದು ಎಸೆದ ಮುದ್ದೆಗಳನ್ನು ಒಮ್ಮೆ ನೆನೆಯಬೇಕು. ಅವುಗಳೊಳಗೆ ಏನಿತ್ತೆಂಬುದು ಇನ್ನು ಯಾವ ಯಂತ್ರಕ್ಕೂ ಎಟುಕದು. ನಮ್ಮ ಕಾಲಕ್ಕೆ ಓದಲಾಗದುದನ್ನು ಮುಂದಿನವರು ಓದಿಯಾರು; ಅದನ್ನು ಅವರ ಕೈಗೆ ಕೆಡದಂತೆ ತಲುಪಿಸುವುದಷ್ಟೇ ನಮ್ಮ ಪಾಲಿನ ಕೆಲಸ.